ಚೀಟಿ ನಂಬಬೇಡ ಎನ್ನುವ ಗಂಟು

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಸೊಸೆ ಹೆಗಲಿಗೆ ಚೀಲ ಏರಿಸಿಕೊಂಡು ಕಾಲೇಜಿಗೆ ಹೊರಟಾಗ ಬೀದಿಯವರೆಲ್ಲ ನನ್ನನ್ನು ಕೇಳಿದ್ದು ಒಂದೇ ಮಾತು: ಹಳೇ ಕಾಗದ ಜೋಡಿಸಿಡೋದಕ್ಕೂ ಎಂ.ಎ. ಓದಬೇಕಾ? ನಾನು ಹೊಲಿಗೆಯವಳು, ನನ್ನ ಬಾಯಿಯೂ ಕತ್ತರಿಯಂಥದ್ದೇ. ಬಟ್ಟೆ ಹೊಲಿಸೋಕೆ ನನ್ನ ಹತ್ತಿರ ಯಾಕೆ ಬರ್ತೀರಿ, ನಿಮ್ಮನೇಲಿ ಸೂಜಿ ಇಲ್ವಾ ಎಂದು ಕೇಳಿ ಕಳಿಸುತ್ತಿದ್ದೆ. ಆದರೆ ಅದೇ ಮಾತನ್ನು ನನ್ನ ಗಂಡ ಆಡಿದಾಗ ಮಾತ್ರ ನನಗೆ ಉತ್ತರ ಸಿಗುತ್ತಿರಲಿಲ್ಲ. ಏಕೆಂದರೆ ಇವರು ಹತ್ತನೇ ಕ್ಲಾಸು ಓದಿ, ಊರಿನ ನೀರು ಸರಬರಾಜು ಕಚೇರಿಯ ರೆಕಾರ್ಡ್ ರೂಮನ್ನು ಮೂವತ್ತೊಂದು ವರ್ಷ ಒಬ್ಬರೇ ನೋಡಿಕೊಂಡವರು.

ಮೊದಲ ವರ್ಷ ಹೇಗೋ ಕಳೆಯಿತು. ಎರಡನೆಯ ವರ್ಷ ಕಾಲೇಜಿನವರು, ಪಾಠ ಕೇಳಿದ್ದು ಸಾಕು, ಇನ್ನು ಹದಿನೈದು ವಾರ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಕಲಿಯಿರಿ ಎಂದರು. ಮಾಡಿದ್ದನ್ನೆಲ್ಲ ದಿನವೂ ಒಂದು ದಪ್ಪ ಪುಸ್ತಕದಲ್ಲಿ ಬರೆಯಬೇಕು. ವಾರದ ಕೊನೆಗೆ ಪುಟದ ಅಡಿಯಲ್ಲಿ ‘ಕಲಿಸಿದವರ ಸಹಿ’ ಎಂದಿರುವ ಕಡೆ ಸಹಿ ಬೀಳಬೇಕು. ಒಂದು ವಾರದ ಸಹಿ ತಪ್ಪಿದರೂ ಪದವಿ ಇಲ್ಲ, ಎರಡು ವರ್ಷದ ಓದು ಮಣ್ಣುಪಾಲು.

ಯಾವ ಕಚೇರಿ ಸಿಕ್ಕಿತು ಎಂಬುದನ್ನು ಅವಳು ಊಟದ ಹೊತ್ತಿಗೆ ಹೇಳಿದಳು.

"ಮಾವ, ನನಗೆ ನಿಮ್ಮ ಕಚೇರೀನೇ ಕೊಟ್ಟಿದಾರೆ."

ಇವರು ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತಿದ್ದವರು ಕೈ ನಿಲ್ಲಿಸಿದರು. "ನನ್ನ ಕಚೇರಿ ಅಂತ ಒಂದಿಲ್ಲ."

"ರೆಕಾರ್ಡ್ ರೂಮಲ್ಲೇ ಕೆಲಸ. ನೀವು ಕಟ್ಟಿಟ್ಟಿದ್ದೆಲ್ಲ ಈಗಲೂ ಹಾಗೇ ಇದೆಯಂತೆ. ಯಾವ ಕ್ರಮದಲ್ಲಿ ಇಟ್ಟಿದ್ರಿ ಅಂತ ಒಂಚೂರು ಹೇಳಿಕೊಡ್ತೀರಾ?"

"ಕಾಲೇಜಲ್ಲಿ ಹೇಳಿಕೊಡ್ತಾರಲ್ಲ. ಎಂ.ಎ. ಓದೋರಿಗೆ ನಾನೇನು ಹೇಳ್ಲಿ."

ತಟ್ಟೆ ಎತ್ತಿಕೊಂಡು ಎದ್ದೇ ಹೋದರು. ಸೊಸೆ ನನ್ನ ಮುಖ ನೋಡಿದಳು, ನಾನು ಉಪ್ಪಿನ ಡಬ್ಬಿ ನೋಡಿದೆ.

ಅದು ಅವಳ ಮೇಲಿನ ಸಿಟ್ಟಲ್ಲ. ಹನ್ನೊಂದು ವರ್ಷದ ಹಿಂದೆ, ನಿವೃತ್ತಿಯ ಕೊನೆಯ ವಾರ, ಇವರು ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೀಗದ ಕೈ ಗೊಂಚಲು ಹಿಡಿದು ರೆಕಾರ್ಡ್ ರೂಮಿನ ಬಾಗಿಲಲ್ಲಿ ಕಾದಿದ್ದರು. ತನ್ನ ಜಾಗಕ್ಕೆ ಬರುವವರಿಗೆ ಎಲ್ಲವನ್ನೂ ತೋರಿಸಿ ಒಪ್ಪಿಸಬೇಕು ಎಂಬುದು ಇವರ ಆಸೆ. ಯಾರೂ ಬರಲಿಲ್ಲ. ಕೊನೆಯ ದಿನ ಒಂದು ಗೋಡೆ ಗಡಿಯಾರ ಕೈಗಿಟ್ಟು, ಬೀಗದ ಕೈ ಕಾವಲುಗಾರನ ಹತ್ತಿರ ಕೊಟ್ಟು ಹೋಗಿ ಎಂದರಂತೆ. ಆ ಗಡಿಯಾರ ಗೋಡೆ ಕಾಣಲೇ ಇಲ್ಲ. ಡಬ್ಬಿಗೆ ಲಾಡಿ ಕಟ್ಟಿ ಅಟ್ಟದ ಮೇಲಿಟ್ಟವರು ಅಲ್ಲಿಂದಾಚೆ ಕಚೇರಿಯ ಹೆಸರೆತ್ತಿದವರಲ್ಲ.

ಸೊಸೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರೂವರೆಗೆ ಬರುವುದು. ಅಡಿಗೆ ನನ್ನ ಪಾಲಿಗೆ ಬಂತು. ನನ್ನ ಮಗ ಬೇಕರಿಯಲ್ಲಿ ರೊಟ್ಟಿ ಸುಡುವವನು, ನಸುಕಿಗೇ ಹೋಗಿ ಮಧ್ಯಾಹ್ನ ಮರಳುತ್ತಾನೆ. ಪಾತ್ರೆ ಅವನಿಗೆ ಬಂತು. ಮೊಮ್ಮಗಳಿಗೆ ಹದಿನಾಲ್ಕು, ವಾದಕ್ಕೆ ನಿಂತರೆ ಸೋಲುವವಳಲ್ಲ, ಹಾಗಾಗಿ ಮನೆಯಲ್ಲಿ ಅವಳ ಹೆಸರೇ ವಕೀಲೆ. ಬಟ್ಟೆ ಒಗೆಯುವುದು ಅವಳಿಗೆ ಎಂದಾಗ ಅರ್ಧ ಗಂಟೆ ವಾದಿಸಿ, ಒಣಗಿಸುವುದಷ್ಟೇ ನನ್ನದು ಎಂದು ತೀರ್ಪು ತಾನೇ ಕೊಟ್ಟುಕೊಂಡಳು. ಇವರು ಮಾತ್ರ ಮುಖ ಗಂಟು ಹಾಕಿಕೊಂಡು ಎಲೆಕೋಸು ಹೆಚ್ಚುತ್ತಿದ್ದರು. ಆ ಎಳೆಗಳನ್ನು ಅಳತೆಪಟ್ಟಿ ಇಟ್ಟು ನೋಡಿದರೂ ಒಂದಕ್ಕೊಂದು ಸಮ ಇರುತ್ತಿದ್ದವು.

"ಇದೆಂಥ ಕಲಿಕೆ ಅಮ್ಮ," ಎಂದು ಮಗ ಪಾತ್ರೆ ತಿಕ್ಕುತ್ತ ಗೊಣಗುತ್ತಿದ್ದ. "ಕಾಲೇಜಿಗೆ ಹೋದ್ರೆ ಪುಸ್ತಕ ಸಿಗತ್ತೆ. ಇಲ್ಲಿ ಧೂಳು ಬಿಟ್ಟು ಇನ್ನೇನು ಸಿಗತ್ತೆ?"

"ನೀನು ಹಿಟ್ಟು ನಾದೋದನ್ನ ಪುಸ್ತಕ ಓದಿ ಕಲಿತ್ಯಾ?" ಎಂದೆ. ಅವನು ನಲ್ಲಿ ಜೋರು ಮಾಡಿದ.

ಸುಳ್ಳು ಯಾಕೆ ಹೇಳಲಿ, ಅವಳನ್ನು ನೋಡಿದರೆ ನನಗೆ ಹೆಮ್ಮೆಯಾಗುತ್ತಿತ್ತು. ಬಂದವಳೇ ಮೊಣಕೈವರೆಗೂ ಕೈ ತೊಳೆದು, ಉಳಿದ ಕೆಲಸಕ್ಕೆ ಕೈ ಜೋಡಿಸಿ, ತಟ್ಟೆಗಳು ಎದ್ದ ಮೇಲೆ ಅದೇ ಮೇಜಿನ ಮೇಲೆ ಆ ದಪ್ಪ ಪುಸ್ತಕ ಬಿಚ್ಚುತ್ತಿದ್ದಳು. ‘ಒಂದು ಕಡತದಿಂದ ತುಕ್ಕು ಹಿಡಿದ ಮೂರು ಗುಂಡುಸೂಜಿ ತೆಗೆದೆ’ ಎಂಬುದನ್ನೂ ಬರೆಯುತ್ತಿದ್ದಳು. ಅಷ್ಟನ್ನೂ ಬರೀಬೇಕಾ ಎಂದು ಒಮ್ಮೆ ಕೇಳಿದೆ.

"ಬರೀದೆ ಇದ್ರೆ, ಸೂಜಿಯ ತೂತು ಯಾಕೆ ಬಿತ್ತು ಅಂತ ಮುಂದೆ ಬರೋರಿಗೆ ಗೊತ್ತಾಗಲ್ಲ ಅತ್ತೆ," ಎಂದಳು. ಇವರು ಕುರ್ಚಿಯಲ್ಲಿ ಪತ್ರಿಕೆ ಅಡ್ಡ ಹಿಡಿದಿದ್ದರು. ಆ ಪುಟ ಮಗುಚಲೇ ಇಲ್ಲ.

ಅವಳಿಗೆ ಕೆಲಸ ಹೇಳುವ ಮೇಲಧಿಕಾರಿ ಅವಳಿಗಿಂತ ಎಂಟು ವರ್ಷ ಚಿಕ್ಕವಳು. ಮಾತು ಕಡಿಮೆ, ಮೊಹರು ಜಾಸ್ತಿ. ಪ್ರತಿ ಕಾಗದಕ್ಕೂ ಠಪ್ ಎಂದು ಒತ್ತುತ್ತಾಳೆ ಎಂದು ಕೇಳಿ ವಕೀಲೆ ಅವಳಿಗೆ ಸ್ಟಾಂಪ್ ಮೇಡಂ ಎಂದು ಹೆಸರಿಟ್ಟಳು. ಹಳೆಯ ಕಟ್ಟುಗಳನ್ನು ಬಿಚ್ಚಿ, ಧೂಳು ಒರೆಸಿ, ಹೊಸ ಪೆಟ್ಟಿಗೆಗೆ ಹಾಕಿ, ಚೀಟಿ ನೋಡಿ ಪಟ್ಟಿ ಮಾಡುವುದು ಸೊಸೆಯ ಕೆಲಸ. ಕೆಲವು ಉಳಿಯುತ್ತವೆ. ಅವಧಿ ಮುಗಿದವು ವಿಲೇವಾರಿಗೆ, ಅಂದರೆ ಲಾರಿ ಹತ್ತಿ ಕಾಗದದ ಕಾರ್ಖಾನೆಗೆ.

ನಡುವೆ ನನ್ನದೂ ಒಂದು ಸ್ವಾರ್ಥ ಸೇರಿಕೊಂಡಿತು. ಹಿತ್ತಲಲ್ಲಿ ಬೀನ್ಸ್ ಬಳ್ಳಿ ಬೆಳೆದಿತ್ತು. ಕೋಲಿಗೆ ಕಟ್ಟಲು ಬಟ್ಟೆಯ ಲಾಡಿ ಬೇಕಿತ್ತು.

"ಆ ಕಟ್ಟುಗಳಿಗೆ ಲಾಡಿ ಇರತ್ತಲ್ಲ, ಅದನ್ನ ಏನು ಮಾಡ್ತೀಯ?"

"ಕೊಳೆತು ಕಪ್ಪಾಗಿದೆ ಅತ್ತೆ. ಕತ್ತರಿಸಿ ಎತ್ತಿಟ್ಟಿದೀನಿ, ಬಿಸಾಡೋದೇ."

"ಬಿಸಾಡಬೇಡ. ನನ್ನ ಬಳ್ಳಿಗೆ ಅದೇ ಸಾಕು."

ಸ್ಟಾಂಪ್ ಮೇಡಂನ ಒಪ್ಪಿಗೆ ಪಡೆದು, ಐದನೆಯ ವಾರದ ಶುಕ್ರವಾರ ಸೊಸೆ ಒಂದು ಚೀಲ ತಂದಳು. ಒಳಗೆ ಒಂಬತ್ತು ಕವರು, ಒಂದೊಂದರ ಮೇಲೂ ತಾರೀಕು. ಕಸವನ್ನೂ ತಾರೀಕು ಹಾಕಿ ಇಡುವವಳು ನನ್ನ ಸೊಸೆ.

ಶನಿವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಹನ್ನೊಂದು ಬಳ್ಳಿ ಕಟ್ಟಿ ಮುಗಿಸಿದ್ದೆ. ಚಹದ ಲೋಟ ಹಿಡಿದು ಇವರು ಬಂದರು. ಚೀಲದಿಂದ ಒಂದು ಲಾಡಿ ಎತ್ತಿಕೊಂಡರು. ಇನ್ನೊಂದು ಎತ್ತಿಕೊಂಡರು. ಮೆಲ್ಲಗೆ ಬೋರಲು ಬಕೆಟ್ಟಿನ ಮೇಲೆ ಕೂತರು.

"ಇವೆಲ್ಲ ಎಲ್ಲಿಂದ ಬಂದ್ವು?"

"ನಿಮ್ಮ ಸೊಸೆ ತಂದ್ಲು. ಯಾಕ್ರೀ?"

"ಗಂಟು ನೋಡ್ಲೇ ಇಲ್ವಾ ಅವಳು?"

"ಗಂಟಲ್ಲಿ ನೋಡೋದೇನಿದೆ?"

ಆಗ ಹೇಳಿದರು. ಹನ್ನೊಂದು ವರ್ಷದಲ್ಲಿ ಇವರು ಆ ಕಚೇರಿಯ ಬಗ್ಗೆ ಬಾಯಿ ಬಿಟ್ಟಿದ್ದು ಅದೇ ಮೊದಲು. "ಇದು ಕಗ್ಗಂಟು. ಯಾವತ್ತೂ ಬಿಸಾಡಬಾರದು ಅಂತ. ಇದು ಜಾರುಗಂಟು. ಹತ್ತು ವರ್ಷ ಕಳೆದ್ರೆ ಕಳಿಸಬಹುದು. ಇದು ನೋಡು, ಒಂದೇ ಕಡೆ ಕುಣಿಕೆ ಬಿಟ್ಟಿದೀನಿ, ಒಂಟಿಕಿವಿ. ಒಂಟಿಕಿವಿ ಅಂದ್ರೆ ಚೀಟಿ ನಂಬಬೇಡ, ಒಳಗೆ ನೋಡು ಅಂತ."

"ಅದನ್ನ ಚೀಟೀಲೇ ಬರೀಬಹುದಿತ್ತಲ್ಲ?"

"ಚೀಟೀಲಿ ಜಾಗ ಎಲ್ಲಿತ್ತು? ಸಾಹೇಬರು ಅಚ್ಚು ಹಾಕಿಸಿದ ಚೀಟಿ. ವರ್ಷ, ವಿಷಯ, ಪುಟ, ಮುಗೀತು. ಪೈಪಿನ ನಕ್ಷೆ ಇಡೋಕೆ ಒಂದು ಕಪಾಟು ಕೇಳ್ದೆ, ಕೊಡ್ಲಿಲ್ಲ. ಬಿಡಿಯಾಗಿ ಬಿಟ್ರೆ ಯಾರಾದ್ರೂ ಮೇಜು ಒರೆಸೋಕೆ ಒಯ್ತಿದ್ರು. ಹಳೇ ಮೀಟರ್ ಪಟ್ಟಿಗಳ ಕಟ್ಟೊಳಗೆ ಇಟ್ಟು ಒಂಟಿಕಿವಿ ಹಾಕ್ದೆ."

ಮನೆಯಲ್ಲಿ ಹಳೆ ಪತ್ರಿಕೆಗೆ ಒಂದು ಗಂಟು, ಕಾಗದಪತ್ರಕ್ಕೆ ಇನ್ನೊಂದು ಗಂಟು ಹಾಕುತ್ತಿದ್ದುದನ್ನು ನಲವತ್ತನಾಲ್ಕು ವರ್ಷ ನೋಡಿದವಳು ನಾನು. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಇದೊಂದು ಹುಚ್ಚು ಎಂದುಕೊಂಡಿದ್ದೆ. ಅದಕ್ಕೊಂದು ಅರ್ಥವಿದೆ ಎಂದು ನಾನೂ ಒಂದು ದಿನ ಕೇಳಿದವಳಲ್ಲ.

ಮಧ್ಯಾಹ್ನ ಸೊಸೆ ಬಂದಳು. ಹೇಳಿದೆವು. ಚೀಲ ಹೆಗಲಿನಿಂದ ಇಳಿಸದೆ ಹಾಗೇ ಕುರ್ಚಿಯ ತುದಿಯಲ್ಲಿ ಕೂತಳು.

"ಇಟ್ಟಿರೋ ಕ್ರಮ ಕೆಡಿಸಬಾರದು ಅನ್ನೋದು ನಮ್ಮ ಮೊದಲನೇ ಪಾಠ. ಕಟ್ಟಿನ ಸಾಲು ಕೆಡಿಸ್ಲಿಲ್ಲ, ಹಾಳೆಯ ಸಾಲು ಕೆಡಿಸ್ಲಿಲ್ಲ. ಗಂಟೂ ಒಂದು ಕ್ರಮ ಅಂತ ಹೊಳೀಲೇ ಇಲ್ಲ ಮಾವ. ಇನ್ನೂರ ಹನ್ನೆರಡು ಕತ್ತರಿಸಿಬಿಟ್ಟೆ." ಆಮೇಲೆ ತಗ್ಗಿದ ದನಿಯಲ್ಲಿ, "ಅದರಲ್ಲಿ ತೊಂಬತ್ತಾರು ವಿಲೇವಾರಿ ಪಟ್ಟಿಗೆ ಸೇರಿವೆ. ಬರೋ ವಾರ ಬಿಟ್ಟು ಮುಂದಿನ ಶುಕ್ರವಾರ ಲಾರಿ ಬರತ್ತೆ."

ಮಗ ನಿದ್ದೆಗಣ್ಣಲ್ಲೇ ಎದ್ದು ಬಂದಿದ್ದ. "ಇದನ್ನ ಆ ಪುಸ್ತಕದಲ್ಲಿ ಬರೀಬೇಡ," ಎಂದ.

"ಬರೀದೆ?"

"ಬರೆದ್ರೆ ಆ ಮೇಡಂ ಸಹಿ ಹಾಕ್ತಾರಾ? ಗಂಟಿನ ವಿಷಯ ಅಪ್ಪನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ ತಪ್ಪನ್ನ ನೀನೇ ಹೋಗಿ ಹೇಳ್ತೀಯಾ? ಎರಡು ವರ್ಷ ಮನೆಯೋರೆಲ್ಲ ಒದ್ದಾಡಿದ್ದು ಇದಕ್ಕಾ?"

"ಅಪ್ಪ, ಅದು ಸಾಕ್ಷಿ ಮುಚ್ಚಿಟ್ಟ ಹಾಗೆ," ಎಂದಳು ವಕೀಲೆ.

"ನೀನು ಸುಮ್ನಿರು. ಬಟ್ಟೆ ಒಣಗಿಸು ಹೋಗು."

"ಒಣಗಿಸಿ ಆಯ್ತು."

"ಸೂಜಿ ತೂತು ಬರೆದೋಳು ಇದನ್ನ ಬಿಟ್ರೆ ಆ ಪುಸ್ತಕಕ್ಕೆ ಏನು ಬೆಲೆ?" ಎಂದಳು ಸೊಸೆ. ಗಂಡನ ಮುಖ ನೋಡಿಯೇ ಹೇಳಿದಳು.

ಆಗ ಇವರು ನಡುವೆ ಬಾಯಿ ಹಾಕಿದರು. "ಬರಿ. ನೀನು ಕೇಳ್ದಾಗ ನಾನು ಹೇಳ್ಲಿಲ್ಲ ಅನ್ನೋದನ್ನೂ ಬರಿ."

"ಅದು ನನ್ನ ಪುಸ್ತಕ ಮಾವ. ನನ್ನ ತಪ್ಪು ಮಾತ್ರ ಬರೀತೀನಿ."

ಬರೆದಳು. ಒಂದೂವರೆ ಪುಟ. ಒಂದು ಕಡೆಯೂ ಹೊಡೆದು ಹಾಕಿರಲಿಲ್ಲ.

ಸೋಮವಾರ ಸ್ಟಾಂಪ್ ಮೇಡಂ ಅದನ್ನು ಎರಡು ಸಲ ಓದಿದಳಂತೆ. "ಲಾರಿ ನಿಲ್ಲಿಸೋದು ನನ್ನ ಕೈಲಿಲ್ಲ. ಇಂಥಾ ಪೆಟ್ಟಿಗೆ ಇಂಥಾ ಕಾರಣಕ್ಕೆ ಕಳಿಸಬಾರದು ಅಂತ ತೋರಿಸಿದ್ರೆ ಆ ಪೆಟ್ಟಿಗೆ ಉಳಿಸ್ತೀನಿ. ಸಹಿ ವಿಷಯ ಆಮೇಲೆ ನೋಡೋಣ," ಎಂದಳಂತೆ. ಆ ‘ಆಮೇಲೆ’ ಎಂಬುದು ನನಗೆ ಸರಿಬರಲಿಲ್ಲ.

ಗಂಟುಗಳೇನೋ ನಮ್ಮ ಮನೆಯಲ್ಲಿವೆ. ಆದರೆ ಯಾವ ಗಂಟು ಯಾವ ಕಟ್ಟಿನದು? ಆ ಸಂಜೆ ಆಲೂಗಡ್ಡೆ ಬೇಯಲು ಇಟ್ಟು ನಾನು ಒಂದು ಲಾಡಿಯನ್ನು ಮೇಜಿನ ಮೇಲೆ ಎಳೆದು ನೇರ ಮಾಡಿದೆ. ಕೈಗೆ ಅಭ್ಯಾಸ, ಅಳತೆ ಟೇಪು ತಂದು ಪಕ್ಕದಲ್ಲಿ ಇಟ್ಟೆ. ಮೂವತ್ತೊಂಬತ್ತು ಇಂಚು. ಇನ್ನೊಂದು ನಲವತ್ತೆರಡೂವರೆ.

"ಅಲ್ವೇ," ಎಂದೆ ಸೊಸೆಗೆ, "ಇದು ಸೊಂಟಪಟ್ಟಿ ತಾನೆ? ಯಾರ ಸೊಂಟದ್ದು ಅಂತ ತಿಳಿಯೋಕೆ ಸೊಂಟದ ಅಳತೆ ತಗೊಂಡ್ರೆ ಆಯ್ತಲ್ಲ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದಳು. ನಮ್ಮ ಮನೆಗೆ ಬಂದ ಹದಿನೇಳು ವರ್ಷದಲ್ಲಿ ಅವಳು ಹಾಗೆ ಮಾಡಿದ್ದಿಲ್ಲ. ತಾರೀಕಿನ ಕವರುಗಳಿದ್ದುದರಿಂದ ಇನ್ನೂರ ಹನ್ನೆರಡರಲ್ಲಿ ಹುಡುಕಬೇಕಾಗಿರಲಿಲ್ಲ, ಒಂದೊಂದು ದಿನದ ಇಪ್ಪತ್ತನಾಲ್ಕರಲ್ಲಿ ಹುಡುಕಿದರೆ ಸಾಕಿತ್ತು. ಮಂಗಳವಾರ, ಒಂದೇ ಕವರಿನಿಂದ ತೆಗೆದು ಕಟ್ಟಿದ್ದ ಲಾಡಿಗಳನ್ನೂ ಬಿಚ್ಚಿಕೊಂಡೆ, ನನ್ನ ಬೀನ್ಸ್ ಬಳ್ಳಿಗಳೆಲ್ಲ ಮತ್ತೆ ನೆಲಕ್ಕೆ ಬಿದ್ದವು.

ಬುಧವಾರ ಸೊಸೆಯ ಜೊತೆ ನಾನು ಹೊರಟು ನಿಂತಿದ್ದೆ. ಅಳತೆ ಟೇಪು ಕೊರಳಲ್ಲಿ. ನೋಡಿದರೆ ಬಾಗಿಲ ಬಳಿ ಇವರು, ಇಸ್ತ್ರಿ ಮಾಡಿದ ಅಂಗಿ.

"ನೀವು ಎಲ್ಲಿಗೆ?"

"ಒಂಟಿಕಿವಿ ಹಳೇದಾಗಿ ಜಗ್ಗಿದ್ರೆ ಜಾರುಗಂಟಿನ ಹಾಗೇ ಕಾಣತ್ತೆ. ನಿಮಗೆ ಗೊತ್ತಾಗಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡರು.

ರೆಕಾರ್ಡ್ ರೂಮು ಕಚೇರಿಯ ಹಿಂಭಾಗದಲ್ಲಿ, ಎರಡು ಮೆಟ್ಟಿಲು ಇಳಿದು ಹೋಗುವ ಉದ್ದನೆಯ ಕೋಣೆ. ಮೇಲೆ ಸಣ್ಣ ಕಿಟಕಿಗಳು, ಕಬ್ಬಿಣದ ಕಪಾಟುಗಳು, ಬಾಗಿಲ ಪಕ್ಕ ಕಾಲು ಮುರಿದ ಏಣಿ. ಇವರು ಒಳಗೆ ಬಂದವರೇ ಏಣಿಯ ಕಾಲು ಮುಟ್ಟಿ ನೋಡಿದರು. "ಇದಿನ್ನೂ ಸರಿಮಾಡಿಸಿಲ್ಲ," ಎಂದರು. ಸ್ಟಾಂಪ್ ಮೇಡಂ ಎದ್ದು ನಿಂತು ತನ್ನ ಕುರ್ಚಿ ಮುಂದೆ ಸರಿಸಿದಳು.

"ಕೂತ್ಕೊಳಿ ಸರ್. ಆ ಮೂರು ಗಂಟೂ ನನಗೊಂದ್ಸಲ ತೋರಿಸ್ತೀರಾ?"

ಆ ಕಚೇರಿಯಲ್ಲಿ ಇವರನ್ನು ಸರ್ ಎಂದು ಯಾರೂ ಕರೆದವರಿಲ್ಲ. ಇವರು ಕೂರಲಿಲ್ಲ. ಜೇಬಿನಿಂದ ಒಂದು ತುಂಡು ಲಾಡಿ ತೆಗೆದು ನಿಂತೇ ತೋರಿಸಿದರು. ಅವಳು ಕಟ್ಟಿದಳು, ಇವರು ಬಿಚ್ಚಿಸಿದರು. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿಸಿದರು. ಮನೆಯಲ್ಲಿ ನನ್ನ ಪಾಡು ಏನಿತ್ತು ಎಂದು ಈಗ ಇನ್ನೊಬ್ಬರಿಗೂ ಗೊತ್ತಾಯಿತಲ್ಲ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

ಮುಂದಿನ ಎಂಟು ದಿನ ಅದೇ ಕೆಲಸ. ನಾನು ಕಟ್ಟಿನ ಸುತ್ತಳತೆ ಹೇಳುವುದು, ಸೊಸೆ ಬರೆದುಕೊಂಡು ಲಾಡಿ ಹುಡುಕುವುದು, ಇವರು ಗಂಟು ಓದುವುದು. ಅಳತೆ ಒಂದೇ ಬಂದಾಗ ಬಣ್ಣ ಮಾಸಿದ ಗೆರೆ ನೋಡುತ್ತಿದ್ದೆವು. ಅದೂ ಹೊಂದದಿದ್ದರೆ ಎರಡೂ ಪೆಟ್ಟಿಗೆ ಬಿಚ್ಚಿ ಹಾಳೆ ಹಾಳೆಯಾಗಿ ನೋಡುತ್ತಿದ್ದೆವು. ಮಗ ಮಧ್ಯಾಹ್ನ ಬೇಕರಿಯಿಂದ ನೇರ ಬಂದು ಎಲ್ಲರಿಗೂ ಬನ್ನು ಕೊಟ್ಟು, ಪೆಟ್ಟಿಗೆ ಎತ್ತಿ ಇಳಿಸಿ ಹೋಗುತ್ತಿದ್ದ. ಹೆಂಡತಿಯ ಜೊತೆ ಇನ್ನೂ ಸರಿಯಾಗಿ ಮಾತಿರಲಿಲ್ಲ, ಆದರೆ ಮೊಟ್ಟೆ ಇಟ್ಟ ಬನ್ನನ್ನು ಅವಳಿಗೇ ಕೊಡುತ್ತಿದ್ದ.

ಒಟ್ಟು ಮೂವತ್ತೊಂದು ಒಂಟಿಕಿವಿ ಸಿಕ್ಕವು. ಲಾರಿ ಹತ್ತಬೇಕಿದ್ದವು ಅದರಲ್ಲಿ ಹದಿನಾಲ್ಕು, ಆ ಪಟ್ಟಿಯ ಉಳಿದವೆಲ್ಲ ಜಾರುಗಂಟು. ‘ಮೀಟರ್ ಪಟ್ಟಿ’ ಎಂದು ಚೀಟಿ ಇದ್ದ ಒಂದರೊಳಗೆ ಪೆನ್ಸಿಲಿನಲ್ಲಿ ಬರೆದ ಅರವತ್ತು ನಕ್ಷೆಗಳಿದ್ದವು. ಹಳೆಯ ಬೀದಿಗಳಲ್ಲಿ ಯಾವ ಮನೆಯ ಅಡಿ ಯಾವ ಪೈಪು ಹೋಗಿದೆ, ಎಲ್ಲಿ ಕೀಲು, ಎಲ್ಲಿ ತಿರುವು ಎಲ್ಲವೂ ಅದರಲ್ಲಿತ್ತು. ಪೈಪಿನ ಕೆಲಸದವನನ್ನು ಕರೆಸಿದರು. ಅವನು ಕೆಸರಿನ ಕೈ ಪ್ಯಾಂಟಿಗೆ ಒರೆಸಿಕೊಂಡು ನೋಡಿದ.

"ಇದಿಲ್ದೆ ಎರಡು ವರ್ಷದಿಂದ ಕಂಡಕಂಡಲ್ಲಿ ಅಗೀತಾ ಇದೀವಿ," ಎಂದ.

ಇನ್ನೊಂದು ಒಂಟಿಕಿವಿ ಕಟ್ಟನ್ನು ಪೂರ್ತಿ ನೋಡಿದರೂ ಮೀಟರ್ ಪಟ್ಟಿ ಬಿಟ್ಟು ಏನೂ ಇರಲಿಲ್ಲ. ಇದಕ್ಕೆ ಯಾಕೆ ಹಾಕಿದ್ರಿ ಎಂದರೆ ಇವರು ತಲೆ ಕೆರೆದುಕೊಂಡರು. "ಗೊತ್ತಿಲ್ಲ. ಇರ್ಲಿ, ಸುಮ್ನೆ ಹಾಕಿರಲ್ಲ." ಸೊಸೆ ಅದನ್ನೂ ಹಾಗೇ ಬರೆದುಕೊಂಡಳು.

ಶುಕ್ರವಾರ ಲಾರಿ ಬಂತು. ಎಂಬತ್ತೆರಡು ಪೆಟ್ಟಿಗೆ ಹತ್ತಿದವು, ಹದಿನಾಲ್ಕು ಉಳಿದವು.

ಆ ಸಂಜೆ ಸೊಸೆ ಮನೆಗೆ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ನಾವೆಲ್ಲ ಊಟಕ್ಕೆ ಕೂತಿದ್ದೆವು. ಮಗ ಪುಟ ತಿರುವಿ ನೋಡಿದ. ಐದು, ಆರು, ಏಳನೆಯ ವಾರ ಮೂರೂ ಖಾಲಿ.

"ಹಾಕ್ಲಿಲ್ವಾ?" ಎಂದ. "ನಾನು ಅವತ್ತೇ ಹೇಳಿದ್ದೆ."

"ಹಾಕಲ್ಲ ಅಂದ್ರು."

ನಾನು ಸೌಟನ್ನು ಪಾತ್ರೆಗೇ ವಾಪಸು ಇಟ್ಟೆ.

"‘ಕಲಿಸಿದವರ ಸಹಿ’ ಅಂತ ಇದೆ, ಈ ಮೂರು ವಾರ ಕಲಿಸಿದ್ದು ನಾನಲ್ಲ, ಕಲಿಸಿದೋರ ಹತ್ತಿರ ಹಾಕಿಸ್ಕೊಂಡು ಬನ್ನಿ ಅಂದ್ರು," ಎಂದು ಸೊಸೆ ಪುಸ್ತಕವನ್ನು ಮಾವನ ಕಡೆ ತಿರುಗಿಸಿದಳು. "ನೋಡಿ, ಮೊಹರು ಆಗ್ಲೇ ಒತ್ತಿದಾರೆ. ಮೂರು ಕಡೇನೂ."

"ಸ್ಟಾಂಪ್ ಮೇಡಂ ಅಂದ್ರೆ ಸ್ಟಾಂಪ್ ಮೇಡಂ," ಎಂದಳು ವಕೀಲೆ.

ಇವರು ಕೈ ತೊಳೆದು ಒರೆಸಿ ಕನ್ನಡಕ ತರಿಸಿಕೊಂಡರು. ಮೂರು ವಾರದ್ದನ್ನೂ ಮೊದಲಿನಿಂದ ಓದಿದರು, ತಪ್ಪು ಬರೆದ ಒಂದೂವರೆ ಪುಟವನ್ನೂ ಸೇರಿಸಿ. ಸೂಪು ಆರಿಹೋಯಿತು. ಆಮೇಲೆ ಪೂರ್ತಿ ಹೆಸರು ಬರೆದು ಮೂರು ಸಹಿ ಹಾಕಿದರು. ಮಗ ಹೆಂಡತಿಯ ತಟ್ಟೆ ಎಳೆದುಕೊಂಡು ಬಿಸಿ ಸೂಪು ಬಡಿಸಿದ. "ನಾನು ಹೇಳಿದ್ದು ತಪ್ಪು," ಎಂದ, ತಟ್ಟೆಗೆ ಹೇಳುವವನ ಹಾಗೆ.

ನನಗೆ ಖುಷಿ ತಡೆಯಲಾಗಲಿಲ್ಲ. "ಆ ಗಡಿಯಾರ ಇಳಿಸೋ," ಎಂದೆ ಮಗನಿಗೆ. "ಇನ್ನಾದ್ರೂ ಗೋಡೆಗೆ ಹಾಕೋಣ."

"ಅದು ಯಾಕೆ ಈಗ," ಎಂದು ಇವರು ಥಟ್ಟನೆ ತಲೆಯೆತ್ತಿದರು. ಅಷ್ಟರಲ್ಲಿ ಮಗ ಸ್ಟೂಲು ಹತ್ತಿ ಡಬ್ಬಿ ಇಳಿಸಿದ್ದ. ಮೇಲೆ ಇವರದೇ ದುಂಡು ಅಕ್ಷರದಲ್ಲಿ ‘ಗೋಡೆ ಗಡಿಯಾರ’ ಎಂದು ಚೀಟಿ. ನಾನು ಲಾಡಿಯ ಧೂಳು ಒರೆಸಿದೆ. ಗಂಟಿಗೆ ಒಂದೇ ಕುಣಿಕೆ.

"ರೀ, ಇದಕ್ಕೆ ಒಂಟಿಕಿವಿ ಹಾಕಿದೀರಿ," ಎಂದೆ.

ಸೊಸೆ ಈ ಸಲ ಕತ್ತರಿ ಮುಟ್ಟಲಿಲ್ಲ. ಗಂಟನ್ನು ಒಮ್ಮೆ ಚೆನ್ನಾಗಿ ನೋಡಿ ಉಗುರಿನಿಂದ ಬಿಡಿಸಿದಳು. ಗಡಿಯಾರದ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು. ಅವಳು ಗಟ್ಟಿಯಾಗಿ ಓದಿದಳು: "‘ರೆಕಾರ್ಡ್ ರೂಮನ್ನು ಒಪ್ಪಿಸಿದ ಪತ್ರ. ಬೀಗದ ಕೈ ಏಳು. ಕಪಾಟು ಹದಿನಾಲ್ಕು. ಏಣಿ ಒಂದು, ಕಾಲು ಸರಿಮಾಡಿಸಬೇಕು. ಗಂಟುಗಳ ಅರ್ಥವನ್ನು ಬಾಯಿಮಾತಿನಲ್ಲಿ ತಿಳಿಸಿಕೊಟ್ಟಿರುತ್ತೇನೆ.’"

ಕೆಳಗೆ ಎಡಕ್ಕೆ ‘ಒಪ್ಪಿಸಿದವರು’ ಎಂದು ಇವರ ಸಹಿ. ಬಲಕ್ಕೆ ‘ಒಪ್ಪಿಸಿಕೊಂಡವರು’ ಎಂದು ಬರೆದು ಗೆರೆ ಎಳೆದಿತ್ತು. ಗೆರೆಯ ಮೇಲೆ ಏನೂ ಇರಲಿಲ್ಲ.

ಸೊಸೆ ಮಾವನ ಮುಂದಿದ್ದ ಪೆನ್ನು ತೆಗೆದುಕೊಂಡಳು. "ಹಾಕ್ಲಾ ಮಾವ?"

ಇವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಹಾಳೆಗೆ ಜಾಗ ಮಾಡಿದರು.

"ಹಾಕು," ಎಂದರು. "ತಾರೀಕು ಮಾತ್ರ ಇವತ್ತಿಂದೇ ಹಾಕು. ಹಿಂದಿನ ತಾರೀಕು ಹಾಕಬಾರದು."

ಅವಳು ಸಹಿ ಹಾಕಿ ಇವತ್ತಿನ ತಾರೀಕು ಬರೆದಳು. ಇವರು ಹಾಳೆಯನ್ನು ಮಡಚಲಿಲ್ಲ. ಶಾಯಿ ಆರುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.